ತಕ್ಕಡಿ ಸಾಹೇಬನ ಆಕ್ಸಲ್ ಬೂಟು

ನನ್ನ ಷಡ್ಡಕನಷ್ಟು ಕೆಲಸಕ್ಕೆ ಬಾರದ ಇನ್ನೊಬ್ಬ ಮನುಷ್ಯನನ್ನು ಈ ಎಪ್ಪತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಹೀಗೆ ಹೇಳಿದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅವನು ಅವಳ ಒಡಹುಟ್ಟಿದ ತಂಗಿಯ ಗಂಡ. "ಎದುರಿಗೆ ಹಲ್ಲು ಕಿರೀತೀರಿ, ಬೆನ್ನ ಹಿಂದೆ ಹೀಗಂತೀರಿ" ಅನ್ನುತ್ತಾಳೆ. ಸುಳ್ಳು. ಎದುರಿಗೂ ನಾನು ಇದನ್ನೇ ಹೇಳಿದ್ದೇನೆ, ಕಡಿಮೆ ಅಂದರೂ ನೂರು ಸಲ. ಅವನು ತಮಾಷೆ ಅಂದುಕೊಂಡು ನಗುತ್ತಾನೆ. ಅಷ್ಟು ಅವನ ತಲೆ.

ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದ. ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆ ತೂಕದ ಬಟ್ಟುಗಳನ್ನು ಇಟ್ಟುಕೊಂಡು ಅಂಗಡಿ ಅಂಗಡಿಗೆ ಹೋಗುವುದು, ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡುವುದು, ಸರಿಯಿದ್ದರೆ ತಂತಿ ಸುತ್ತಿ, ಸೀಸದ ಗುಂಡಿ ಹಾಕಿ, ಇಕ್ಕಳದಿಂದ ಒತ್ತಿ ಸೀಲ್ ಮಾಡುವುದು. ಇದು ಕೆಲಸ. ಮಾರ್ಕೆಟ್ಟಿನಲ್ಲಿ ಅವನನ್ನು ತಕ್ಕಡಿ ಸಾಹೇಬ ಎಂದೇ ಕರೆಯುತ್ತಿದ್ದರು. ಅವನು ಮಾರ್ಕೆಟ್ಟಿನ ಗೇಟಿನಲ್ಲಿ ಕಾಲಿಟ್ಟರೆ ತರಕಾರಿಯವರು ಬಾಯಿ ಮುಚ್ಚುತ್ತಿದ್ದರು, ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತಿದ್ದವು, ನೊಣಗಳು ಕೂಡ ತಕ್ಕಡಿ ತಟ್ಟೆಯ ಮೇಲಿಂದ ಎದ್ದು ಹೋಗುತ್ತಿದ್ದವು, ತಮ್ಮ ಭಾರಕ್ಕೂ ಎಲ್ಲಿ ದಂಡ ಹಾಕುತ್ತಾನೋ ಅಂತ.

ಮೂವತ್ತನಾಲ್ಕು ವರ್ಷ ಬರೀ ಕಳ್ಳರನ್ನು ಹುಡುಕಿದವನಿಗೆ ಕೊನೆಗೆ ಕಣ್ಣಿಗೆ ಬಿದ್ದವರೆಲ್ಲ ಕಳ್ಳರೇ. ಅವನ ಲೆಕ್ಕದಲ್ಲಿ ದರ್ಜಿ ಬಟ್ಟೆ ಕದಿಯುತ್ತಾನೆ, ಹಾಲಿನವನು ಹಾಲು ಕದಿಯುತ್ತಾನೆ, ಕ್ಷೌರದವನು ಸಮಯ ಕದಿಯುತ್ತಾನೆ. ಆದ್ದರಿಂದ ಯಾವ ಕೆಲಸಕ್ಕೂ ಯಾರನ್ನೂ ಕರೆಯುವುದಿಲ್ಲ, ಎಲ್ಲ ತಾನೇ. ಎರಡು ಕನ್ನಡಿ ಎದುರುಬದುರು ಇಟ್ಟುಕೊಂಡು ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಾನೆ. ಹಿಂದಿನಿಂದ ನೋಡಿದರೆ ಎಮ್ಮೆ ಅರ್ಧ ಮೇಯ್ದು ಬಿಟ್ಟ ಗದ್ದೆ. ಒಂದು ಸಲ ಗೋಡೆ ಗಡಿಯಾರ ರಿಪೇರಿ ಮಾಡಿದ. ಅದು ಹದಿಮೂರು ಹೊಡೆಯಲು ಶುರುಮಾಡಿತು. ಬೀದಿಯ ಹುಂಜ ಒಂದು ವಾರ ದಿಕ್ಕೆಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಕೂಗುತ್ತಿತ್ತು. ನೀವು ನಂಬದಿದ್ದರೆ ಬಿಡಿ, ಹುಂಜ ಈಗಿಲ್ಲ, ಇದ್ದಿದ್ದರೆ ಕೇಳಬಹುದಿತ್ತು.

ರಿಪೇರಿ ಮುಗಿದ ಮೇಲೆ ಅವನದೊಂದು ಪದ್ಧತಿ. ನಿವೃತ್ತನಾಗುವಾಗ ಇಲಾಖೆಯ ಒಂದು ಹಳೆಯ ಇಕ್ಕಳವನ್ನೂ ಒಂದು ಡಬ್ಬಿ ಸೀಸದ ಗುಂಡಿಯನ್ನೂ ಮನೆಗೆ ತಂದಿದ್ದ. ತಾನು ಕೈಯಿಟ್ಟ ಪ್ರತಿಯೊಂದು ವಸ್ತುವಿಗೂ ತಂತಿ ಸುತ್ತಿ ಸೀಲ್ ಒತ್ತುವುದು, ಇನ್ನು ಬೇರೆ ಯಾರೂ ಬಿಚ್ಚಬಾರದು ಅಂತ. ಇಸ್ತ್ರಿಪೆಟ್ಟಿಗೆಗೆ ಸೀಲ್, ಫ್ಯಾನಿನ ರೆಗ್ಯುಲೇಟರಿಗೆ ಸೀಲ್, ಬಚ್ಚಲಿನ ನಲ್ಲಿಗೆ ಸೀಲ್. ಆ ಮನೆಯಲ್ಲಿ ಸೀಲ್ ಬೀಳದೆ ಉಳಿದಿದ್ದು ಅವನ ಬಾಯಿ ಒಂದೇ.

ಇಂಥವನಿಗೆ ಸಿಕ್ಕಿದ ಹೆಂಡತಿ ಎಂಥವಳು ಅಂದರೆ, ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಕೊಯ್ಯುವ ಮೊದಲು ಕತ್ತರಿ, ಚಿಮಟ, ಬಟ್ಟೆ ತುಂಡು ಎಲ್ಲವನ್ನೂ ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಎಣಿಸುವುದು, ಹೊಟ್ಟೆ ಮುಚ್ಚುವ ಮೊದಲು ಮತ್ತೆ ಎಣಿಸುವುದು ಅವಳ ಕೆಲಸ. ಅವಳು "ಸರಿ ಇದೆ" ಅಂದರೆ ಮಾತ್ರ ಡಾಕ್ಟರು ಹೊಲಿಯಲು ಸೂಜಿ ಎತ್ತಬೇಕು. ಒಂದು ಸಲ ಒಂದು ಬಟ್ಟೆ ತುಂಡು ಕಡಿಮೆ ಬಿತ್ತಂತೆ. ದೊಡ್ಡ ಡಾಕ್ಟರಿಗೆ ಆತುರ. ಕೂಗಾಡಿದರಂತೆ. ಇವಳು "ಸರಿ ಇಲ್ಲ ಡಾಕ್ಟರ್" ಅಂತ ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತಳಂತೆ. ಕೊನೆಗೆ ಬಟ್ಟೆ ಸಿಕ್ಕಿದ್ದು ಡಾಕ್ಟರ ಬೂಟಿನ ಅಡಿಯಲ್ಲೇ, ಅಂಟಿಕೊಂಡು.

ಅವಳು ಇವನನ್ನು ಯಾಕೆ ಮದುವೆಯಾದಳು ಅಂತ ಕೇಳಬೇಡಿ. ಮಗು ತೂಗುವ ತಕ್ಕಡಿ ಪರೀಕ್ಷೆ ಮಾಡಲು ಅವನು ಆಸ್ಪತ್ರೆಗೆ ಹೋಗಿದ್ದನಂತೆ. "ನಿಮ್ಮ ಆಸ್ಪತ್ರೆಯಲ್ಲಿ ಹುಟ್ಟೋ ಮಕ್ಕಳೆಲ್ಲ ನಲವತ್ತು ಗ್ರಾಂ ಸುಳ್ಳು ಹೇಳ್ತಾವೆ" ಅಂದನಂತೆ. ಅವಳಿಗೆ ನಗು ಬಂತು. ಹೆಣ್ಣುಮಕ್ಕಳು ಎಲ್ಲಾದರೂ ನಗಲಿ, ಗಂಡು ನೋಡುವಾಗ ಮಾತ್ರ ನಗಬಾರದು.

ಈಗ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬಂದಿರಲಿಲ್ಲವಾ ಅಂತ ಕೇಳಿದರೆ, ಇಲ್ಲ.

ನಾದಿನಿ ನಿವೃತ್ತಳಾಗಿ ಎರಡು ವರ್ಷ ಗಂಡನ ಮುಖ ನೋಡಿಕೊಂಡು ಮನೆಯಲ್ಲಿ ಕೂತಳು. ಎರಡು ವರ್ಷ ಅಂದರೆ ಸಣ್ಣ ಶಿಕ್ಷೆಯಲ್ಲ. ಅಷ್ಟರಲ್ಲಿ ಅವಳ ಹಳೇ ಆಸ್ಪತ್ರೆಯವರು ಹೊಸ ಕೆಲಸ ಶುರುಮಾಡಿದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಡ್ರೆಸ್ಸಿಂಗ್ ಮಾಡಿ ಬರುವುದು. ಅನುಭವ ಇದ್ದವರು ಬೇಕು. ಒಂದೇ ಷರತ್ತು, ಸ್ವಂತ ಕಾರು ಓಡಿಸಲು ಬರಬೇಕು, ಕೈಯಲ್ಲಿ ಲೈಸೆನ್ಸ್ ಇರಬೇಕು. ಒಂದನೇ ತಾರೀಕಿನಿಂದ ಶುರು. ಲೈಸೆನ್ಸ್ ಇಲ್ಲದಿದ್ದರೆ ಆ ಜಾಗ ಇನ್ನೊಬ್ಬ ನರ್ಸಿಗೆ.

ಅವಳು ಅರವತ್ತನೇ ವಯಸ್ಸಿನಲ್ಲಿ ಕಾರು ಕಲಿತಳು. ಕಲಿಸಿದ್ದು ನಾನು, ಆದ್ದರಿಂದ ಚೆನ್ನಾಗಿ ಕಲಿತಳು. ಮೊದಲನೇ ಟೆಸ್ಟಿನಲ್ಲಿ ಗಾಬರಿಯಾಗಿ ಇಂಜಿನ್ ಆಫ್ ಮಾಡಿಕೊಂಡಳು, ಅದು ಯಾರಿಗಾದರೂ ಆಗುತ್ತದೆ. ಎರಡನೇ ಸಲ ಏನಾಯಿತು ಅಂದರೆ, ಅವಳು ಮೈದಾನದಲ್ಲಿ ಚೆಂದವಾಗಿ ಎಂಟು ಹಾಕುತ್ತಿರುವಾಗ ನನ್ನ ಷಡ್ಡಕ ಜೇಬಿನಿಂದ ಟೇಪು ತೆಗೆದು ಮೈದಾನದ ಕಂಬಗಳ ನಡುವಿನ ದೂರ ಅಳೆಯಲು ಶುರುಮಾಡಿದ. "ಸ್ವಾಮಿ, ನಿಮ್ಮ ಕಂಬ ಒಂಬತ್ತು ಇಂಚು ಒಳಗಿದೆ, ಈ ಟೆಸ್ಟ್ ಅಸಿಂಧು" ಅಂತ ಬ್ರೇಕ್ ಇನ್ಸ್‌ಪೆಕ್ಟರ್ ಎದುರಿಗೆ ಕಾಗದ ಹಿಡಿದ. ಬ್ರೇಕ್ ಇನ್ಸ್‌ಪೆಕ್ಟರ್ ಆ ದಿನದ ಟೆಸ್ಟನ್ನೇ ರದ್ದು ಮಾಡಿ, ಇವಳ ಅರ್ಜಿಯ ಮೇಲೆ ಕೆಂಪು ಗೀಟು ಎಳೆದು ಎದ್ದು ಹೋದ.

ಮೂರನೇ ಟೆಸ್ಟ್ ಸೋಮವಾರ ಬೆಳಗ್ಗೆ ಹತ್ತಕ್ಕೆ. ಅದು ಮುಗಿದ ನಾಲ್ಕು ದಿನಕ್ಕೆ ಒಂದನೇ ತಾರೀಕು. ಅಂದರೆ ಇದೇ ಕೊನೆ.

ಶುಕ್ರವಾರ ಸಂಜೆ ಪ್ರಾಕ್ಟೀಸಿಗೆ ಹೋದಾಗ ಬಲಗಡೆ ಮುಂದಿನ ಚಕ್ರದ ಒಳಗೆಲ್ಲ ಕಪ್ಪು ಗ್ರೀಸು ಎರಚಿದ ಹಾಗಿತ್ತು. ಬೀದಿ ಮೂಲೆಯ ಗ್ಯಾರೇಜಿನವನಿಗೆ ತೋರಿಸಿದೆವು. ಅವನು ಬಗ್ಗಿ, ಕೈ ತೂರಿಸಿ, ಎದ್ದು ಕೈ ಒರೆಸಿಕೊಂಡ.

"ಆಕ್ಸಲ್ ಬೂಟ್ ಹರಿದಿದೆ ಅಮ್ಮ. ಈಗಲೇ ಹಾಕಿಸಿದ್ರೆ ಬರೀ ಬೂಟಲ್ಲೇ ಮುಗಿಯತ್ತೆ. ಮಣ್ಣು ಸೇರ್ಕೊಂಡ್ರೆ ಜಾಯಿಂಟೇ ಹೋಗತ್ತೆ, ತಿರುಗ್ಸುವಾಗೆಲ್ಲ ಟಕಟಕ ಅನ್ನತ್ತೆ. ನಾಳೆ ಬೆಳಗ್ಗೆ ಬಿಡಿ, ಮಧ್ಯಾಹ್ನ ತಗೊಂಡು ಹೋಗಿ."

ಆಕ್ಸಲ್ ಬೂಟು ಅಂದರೆ ಕಾಲಿಗೆ ಹಾಕುವುದಲ್ಲ. ಇಂಜಿನ್ನಿನಿಂದ ಚಕ್ರಕ್ಕೆ ಒಂದು ಕಬ್ಬಿಣದ ದಂಡ ಬರುತ್ತದೆ. ಆ ದಂಡದ ತುದಿಯಲ್ಲಿ ಮೊಣಕಾಲಿನ ಚಿಪ್ಪಿನ ಹಾಗೆ ಒಂದು ಜಾಯಿಂಟು, ಚಕ್ರ ಉರುಳುತ್ತಲೇ ಅತ್ತಿತ್ತ ತಿರುಗಬೇಕಲ್ಲ, ಅದಕ್ಕೆ. ಜಾಯಿಂಟಿನ ಗ್ರೀಸು ಹೊರಗೆ ಹೋಗದಂತೆ, ಮಣ್ಣು ಒಳಗೆ ಬಾರದಂತೆ, ಹಾರ್ಮೋನಿಯಂ ಹೊಟ್ಟೆಯ ಹಾಗೆ ನೆರಿಗೆ ನೆರಿಗೆಯಾದ ರಬ್ಬರ್ ಚೀಲ. ಅದೇ ಬೂಟು. ಒಂದು ಬದಿ ದೊಡ್ಡ ಬಾಯಿ, ಒಂದು ಬದಿ ಸಣ್ಣ ಬಾಯಿ, ಎರಡನ್ನೂ ಬಿಗಿಯಲು ಎರಡು ತಗಡಿನ ಪಟ್ಟಿ. ಇಷ್ಟೇ ಪುರಾಣ.

ಮನೆಗೆ ಬಂದು ಹೇಳಿದ ಕೂಡಲೇ ತಕ್ಕಡಿ ಸಾಹೇಬ ಕುರ್ಚಿಯಿಂದ ಎದ್ದ.

"ಒಂದು ರಬ್ಬರ್ ಚೀಲ ಬದಲಾಯಿಸೋಕೆ ಮಧ್ಯಾಹ್ನದವರೆಗೆ ಗಾಡೀನ ಅವನ ಕೈಗೆ ಕೊಡೋದಾ? ಒಳ್ಳೇ ಸ್ಪೇರೆಲ್ಲ ಬಿಚ್ಕೊಂಡು ಹಳೇದು ಹಾಕಿ ಕಳಿಸ್ತಾನೆ. ನಾನೇ ಮಾಡ್ತೀನಿ."

"ರೀ, ಸೋಮವಾರ ಟೆಸ್ಟಿದೆ ನನಗೆ."

"ಗೊತ್ತಿದೆ ಕಣೇ. ಅದಕ್ಕೇ ನಾಳೆ ಮಾಡ್ತಿರೋದು. ಫೋನಲ್ಲಿ ವಿಡಿಯೋ ನೋಡ್ದೆ, ಹನ್ನೊಂದು ನಿಮಿಷ. ನಾನು ಜೋಪಾನದ ಮನುಷ್ಯ, ಇಪ್ಪತ್ತೆರಡು ಇಟ್ಕೋ."

ನಾದಿನಿ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

ಶನಿವಾರ ಬೆಳಗ್ಗೆ ಅವನು ಅಂಗಡಿಯಿಂದ ಬೂಟಿನ ಡಬ್ಬಿ ತಂದ. ತಂದವನು ಗಾಡಿಯ ಹತ್ತಿರ ಹೋಗಲಿಲ್ಲ, ವರಾಂಡದ ಮೇಜಿನ ಮೇಲೆ ತನ್ನ ತಕ್ಕಡಿ ಇಟ್ಟು ಡಬ್ಬಿಯಲ್ಲಿದ್ದದ್ದನ್ನೆಲ್ಲ ತೂಗಲು ಕೂತ. ಬೂಟು ತೂಗಿದ. ಪಟ್ಟಿ ತೂಗಿದ. ಗ್ರೀಸಿನ ಪೊಟ್ಟಣ ತೂಗಿ ಗೆದ್ದವನ ಹಾಗೆ ಕೂಗಿದ: "ಷಡ್ಡಕರೇ! ಪೊಟ್ಟಣದ ಮೇಲೆ ತೊಂಬತ್ತು ಗ್ರಾಂ ಅಂತ ಬರೆದಿದ್ದಾನೆ. ಪೊಟ್ಟಣ ಸೇರಿ ಎಂಬತ್ತಾರು!"

"ಹಾಗಾದ್ರೆ ಎಂಬತ್ತಾರೇ ಹಾಕಯ್ಯ."

"ಹಾಕೋದಾ? ಇದು ಸಾಕ್ಷಿ. ಇದನ್ನ ಒಡೆಯೋ ಹಾಗಿಲ್ಲ. ಮಂಗಳವಾರ ಅಂಗಡಿಯವನ ಮುಂದೆ ಇಡ್ತೀನಿ."

ಪೊಟ್ಟಣವನ್ನು ಒಂದು ಲಕೋಟೆಯಲ್ಲಿ ಹಾಕಿ, ದಾರ ಕಟ್ಟಿ, ಸೀಸದ ಸೀಲ್ ಒತ್ತಿ ಕಪಾಟಿನಲ್ಲಿ ಇಟ್ಟ. ಜಾಯಿಂಟಿಗೆ ಮನೆಯಲ್ಲಿದ್ದ ಹಳೇ ಸೈಕಲ್ ಗ್ರೀಸೇ ಸಾಕಂತೆ. ಇಪ್ಪತ್ತೆರಡು ನಿಮಿಷದಲ್ಲಿ ನಲವತ್ತು ನಿಮಿಷ ಆಗಲೇ ಮುಗಿದಿತ್ತು.

ಆಮೇಲೆ ಗಾಡಿ ಎತ್ತಿದ, ಚಕ್ರ ಬಿಚ್ಚಿದ. ನಡುವಿನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸ್ಪ್ಯಾನರ್ ತಿರುಗಿಸಿದ ಹಾಗೆ ದಂಡವೂ ಜೊತೆಗೆ ತಿರುಗುತ್ತದೆ. ಅದು ಅವನ ವಿಡಿಯೋದ ಮೊದಲನೇ ನಿಮಿಷದಲ್ಲೇ ಇತ್ತಂತೆ, ಇವನು ಎರಡನೇ ನಿಮಿಷದಿಂದ ನೋಡಿದ್ದ. "ಷಡ್ಡಕರೇ, ಒಳಗೆ ಕೂತು ಬ್ರೇಕ್ ಒತ್ತಿ ಹಿಡೀರಿ" ಅಂದ. ಹಿಡಿದೆ. ಅವನು ನಟ್ಟು ಬಿಚ್ಚಿ, ಕೆಳಗಿನ ಕಬ್ಬಿಣದ ತೋಳನ್ನು ಸರಳಿನಿಂದ ಮೀಟಿ, ಚಕ್ರ ಕೂರುವ ಹಬ್ ಹೊರಗೆಳೆದು, ದಂಡದ ತುದಿ ಹೊರತೆಗೆದು, ಜಾಯಿಂಟನ್ನು ಸುತ್ತಿಗೆಯಲ್ಲಿ ತಟ್ಟಿ ಕಳಚಿ, ಹಳೇ ಬೂಟು ಕೊಯ್ದು ಬಿಸಾಡಿ, ಒಳಗೆ ಹೋಗಿ ಚಹಾ ಕುಡಿದು ಬಂದ. ನಾನು ಇನ್ನೂ ಬ್ರೇಕ್ ಒತ್ತಿಕೊಂಡೇ ಇದ್ದೆ. ಆವತ್ತಿನಿಂದ ನನ್ನ ಬಲಗಾಲು ಎಡಗಾಲಿಗಿಂತ ಒಂದು ಅಂಗುಲ ಉದ್ದ. ಚಪ್ಪಲಿ ಅಂಗಡಿಯವನು ಈಗಲೂ ಎರಡು ಅಳತೆ ಕೊಡುತ್ತಾನೆ.

ನಾದಿನಿ ಈ ಹೊತ್ತಿಗೆ ವರಾಂಡದಲ್ಲಿ ಊಟದ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಳು. ಗಾಡಿ ಸ್ಟ್ಯಾಂಡಿನ ಮೇಲೆ ಕೂತಿದ್ದರೆ ಇನ್ನೇನು ಮಾಡುತ್ತಾಳೆ? "ಕ್ಲಚ್, ಫಸ್ಟ್, ಕನ್ನಡಿ, ಬಲಕ್ಕೆ ಪೂರ್ತಿ" ಅಂತ ತಟ್ಟೆ ತಿರುಗಿಸುತ್ತಿದ್ದವಳು ಒಮ್ಮೆ ಮೇಜಿನ ಕಡೆ ನೋಡಿ ನಿಲ್ಲಿಸಿದಳು.

"ರೀ, ಮೇಜಿನ ಮೇಲೆ ಇನ್ನೂ ಸಾಮಾನು ಉಳಿದಿದೆ."

"ಇದು ನಿನ್ನ ಆಪರೇಷನ್ ಥಿಯೇಟರ್ ಅಲ್ಲ ಕಣೇ. ನಿನ್ನ ತಟ್ಟೆ ನೀನು ತಿರುಗ್ಸು."

"ಉಳಿದಿದೆ ರೀ. ನೋಡಿ."

"ಉಳಿದ್ರೆ ಉಳೀಲಿ, ಕಂಪನಿಯವರು ಎಕ್ಸ್‌ಟ್ರಾ ಇಟ್ಟಿರ್ತಾರೆ."

ಜಾಯಿಂಟಿಗೆ ಸೈಕಲ್ ಗ್ರೀಸು ಮೆತ್ತಿದ. ದಂಡದ ತುದಿಗೆ ಹೊಡೆದು ಕೂರಿಸಿದ, ಒಳಗೆ ಜಾಯಿಂಟನ್ನು ಹಿಡಿಯುವ ತಂತಿಯ ಲಾಕು ಟಪ್ ಅಂತ ಕಚ್ಚಿಕೊಂಡಿತು. ಹಬ್ ಸೇರಿಸಿದ, ಬೋಲ್ಟು ಹಾಕಿದ, ನಟ್ಟು ಬಿಗಿದ, ಚಕ್ರ ಹಾಕಿದ, ಗಾಡಿ ಇಳಿಸಿದ. ಸಂಜೆ ಐದು ಗಂಟೆ. ಬೆನ್ನು ನೆಟ್ಟಗೆ ಮಾಡಿ, ಸೀಲಿನ ಇಕ್ಕಳ ತರಲು ಮೇಜಿನ ಹತ್ತಿರ ಹೋದ. ತಕ್ಕಡಿಯ ತಟ್ಟೆಯಲ್ಲಿ, ಬೆಳಗ್ಗೆ ತೂಗಿದ ಜಾಗದಲ್ಲೇ, ಹೊಸ ಬೂಟು ಪಟ್ಟಿಗಳ ಸಮೇತ ಕೂತಿತ್ತು.

ಬೂಟು ಬದಲಾಯಿಸಲು ಗಾಡಿ ಬಿಚ್ಚಿ, ಬೂಟನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿದ ಮನುಷ್ಯ ಇವನು. ಜಾಯಿಂಟು ಕೂರಿಸುವ ಮೊದಲು ಬೂಟನ್ನು ದಂಡಕ್ಕೆ ತೂರಿಸಿಕೊಳ್ಳಬೇಕು, ಆಮೇಲೆ ದೇವರೇ ಬಂದರೂ ತೂರಿಸಲಾಗದು. ನಾನು ನಕ್ಕೆ. ಎಷ್ಟು ನಕ್ಕೆ ಅಂದರೆ ಎದುರು ಮನೆಯ ತೊಟ್ಟಿಲ ಕೂಸು ನಿದ್ದೆಯಿಂದೆದ್ದು ತಾನೂ ನಕ್ಕಿತು. ನಾದಿನಿ ನಗಲಿಲ್ಲ. ಅವಳು ತಟ್ಟೆಯನ್ನು ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದಳು.

"ನಾಳೆ ಭಾನುವಾರ. ಗ್ಯಾರೇಜು ಬಂದ್" ಅಂದಳು, ಯಾರಿಗೂ ಅಲ್ಲದ ಹಾಗೆ.

ಭಾನುವಾರ ಬೆಳಗ್ಗೆ ಅವನು ಮತ್ತೆ ಎಲ್ಲ ಬಿಚ್ಚಿದ. ಈ ಸಲ ಬೂಟು ತೂರಿಸಿದ, ಒಪ್ಪುತ್ತೇನೆ. ಆದರೆ ತಗಡಿನ ಪಟ್ಟಿಗಳನ್ನು ಕೈಗೆತ್ತಿಕೊಂಡು ಮೂಗು ಮುರಿದ.

"ಇದು ಪಟ್ಟಿಯಾ? ಬಿಸ್ಕತ್ ಡಬ್ಬಿ ತಗಡು. ನಾಲ್ಕು ದಿನ ತಡೆಯಲ್ಲ. ಇಂಥ ಕಳಪೆ ಮಾಲು ನನ್ನ ಗಾಡಿಗೆ ಹಾಕ್ತೀನಾ?"

"ಮತ್ತೆ ಏನು ಹಾಕ್ತೀಯ?"

ಅವನು ಡಬ್ಬಿ ತೆರೆದು ಸೀಲಿನ ತಂತಿ ಹೊರತೆಗೆದ. ದೊಡ್ಡ ಬಾಯಿಗೆ ನಾಲ್ಕು ಸುತ್ತು ತಂತಿ, ಒಂದು ಸೀಸದ ಗುಂಡಿ, ಇಕ್ಕಳ, ಕಟಕ್. ಸಣ್ಣ ಬಾಯಿಗೆ ನಾಲ್ಕು ಸುತ್ತು, ಗುಂಡಿ, ಕಟಕ್. "ಮೂವತ್ತನಾಲ್ಕು ವರ್ಷದಲ್ಲಿ ನನ್ನ ಒಂದು ಸೀಲೂ ತಾನಾಗಿ ಬಿಚ್ಚಿಲ್ಲ, ತಿಳ್ಕೊಳ್ಳಿ" ಅಂದ. ತಕ್ಕಡಿ ಕೂತಲ್ಲೇ ಕೂತಿರುತ್ತದೆ, ಚಕ್ರ ನಿಮಿಷಕ್ಕೆ ಸಾವಿರ ಸಲ ಸುತ್ತುತ್ತದೆ ಅನ್ನುವ ಸಣ್ಣ ವ್ಯತ್ಯಾಸ ಅವನ ಗಮನಕ್ಕೆ ಬರಲಿಲ್ಲ. ನಾನು ಹೇಳಿದೆ. "ನೀವು ಇಲಾಖೆಯವರಲ್ಲ, ನಿಮಗೆ ಗೊತ್ತಾಗಲ್ಲ" ಅಂದ.

ಹನ್ನೊಂದು ಗಂಟೆಗೆ ತಾನೇ ಓಡಿಸಿಕೊಂಡು ಟ್ರಯಲ್ಲಿಗೆ ಹೊರಟ. ಪಕ್ಕದಲ್ಲಿ ನಾನು. ಮೊದಲನೇ ತಿರುವು ಸರಿಯಾಯಿತು. ಎರಡನೇ ತಿರುವಿನಲ್ಲಿ ಟಿಣ್ ಅಂತ ಶಬ್ದ, ಆಮೇಲೆ ಪಚಪಚ ಪಚಪಚ. ತಂತಿ ಹರಿದು, ಬೂಟಿನ ದೊಡ್ಡ ಬಾಯಿ ಜಾರಿ, ಸೈಕಲ್ ಗ್ರೀಸು ನಾಲ್ಕೂ ದಿಕ್ಕಿಗೆ ಹಾರಿತು. ಮೂಲೆಮನೆಯ ಟೈಲರಮ್ಮ ಆಗಷ್ಟೇ ಬಿಳಿ ಬಟ್ಟೆ ಒಣಹಾಕಿದ್ದಳು. ಒಂದು ಲಂಗ, ಎರಡು ಹೊದಿಕೆ, ಅವಳ ಗಂಡನ ಮೂರು ಬನಿಯನ್ನು. ಅವಳ ಬಾಯಿಂದ ಆವತ್ತು ಬಂದ ಮಾತುಗಳಲ್ಲಿ ಕೆಲವನ್ನು ನಾನು ಮೊದಲ ಸಲ ಕೇಳಿದೆ. ಈ ವಯಸ್ಸಿನಲ್ಲೂ ಕಲಿಯುವುದು ಇದೆ.

ಗಾಡಿ ಹಿಂದಕ್ಕೆ ತಂದು ನಿಲ್ಲಿಸಿ, ಇವನು ನೆಲಕ್ಕೆ ಮಲಗಿ ಒಳಗೆ ಇಣುಕಿದ. ಎದ್ದಾಗ ಮುಖದಲ್ಲಿ ನಗು.

"ನೋಡಿದ್ರಾ? ಸಣ್ಣ ಬಾಯಿಯ ಸೀಲ್ ಹಾಗೇ ಇದೆ! ಸೀಲ್ ಗಟ್ಟಿ ಇದೆ, ಬೂಟೇ ಸರಿಯಿಲ್ಲ. ಅಂಗಡಿಯವನು ಮೋಸ ಮಾಡಿದ."

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಟೆಸ್ಟ್ ಮುಂದಕ್ಕೆ ಹಾಕಿಸ್ಕೋ" ಅಂದ ಅವನು, ಕೈ ಒರೆಸಿಕೊಳ್ಳುತ್ತ. "ಏನಂಥ ಅವಸರ? ಈ ವಯಸ್ಸಲ್ಲಿ ಊರವರ ಗಾಯ ತೊಳೀದಿದ್ರೆ ಏನಾಗತ್ತೆ? ಮನೇಲಿ ಕೆಲಸ ಇಲ್ವಾ?"

ಅದು ಅವನು ಹೇಳಬಾರದಾಗಿದ್ದ ಮಾತು. ನನ್ನಂಥ ಒರಟನಿಗೂ ಕಿವಿ ಬಿಸಿಯಾಯಿತು. ಎರಡು ದಿನದಿಂದ ಇವನಿಗೆ ಬುದ್ಧಿ ಇಲ್ಲ ಅಂದುಕೊಂಡಿದ್ದೆ. ಅವಳ ಪರೀಕ್ಷೆ ಹೋದರೆ ಹೋಗಲಿ ಅನ್ನುವಷ್ಟು ಬುದ್ಧಿ ಇತ್ತು ಅಂತ ಆಗ ಗೊತ್ತಾಯಿತು.

ಅವಳು ಒಳಗೆ ಹೋಗಿ ಕೂದಲು ಎತ್ತಿ ಗಂಟು ಹಾಕಿ, ಮೊಣಕೈವರೆಗೆ ಕೈ ತೊಳೆದು, ಒಂದು ಹಳೇ ಹೊದಿಕೆ ತಂದು ಚಕ್ರದ ಪಕ್ಕ ಹಾಸಿದಳು. ಡಬ್ಬಿಯೊಳಗೆ ಮಡಚಿ ಇಟ್ಟಿದ್ದ ಚೀಟಿ ಬಿಡಿಸಿ, ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆವರೆಗೆ ಎರಡು ಸಲ ಓದಿದಳು. ಆ ಚೀಟಿಯನ್ನು ಅಲ್ಲಿವರೆಗೆ ಯಾರೂ ಬಿಡಿಸಿರಲಿಲ್ಲ. ಇವನು ಅದನ್ನೂ ತೂಗಿದ್ದ, ಓದಿರಲಿಲ್ಲ.

"ಭಾವ, ಗಾಡಿ ನೆಲದ ಮೇಲಿರುವಾಗ್ಲೇ ನಡುವಿನ ನಟ್ಟು ಸಡಿಲ ಮಾಡ್ಬೇಕಂತೆ. ಶಕ್ತಿ ಇದೆಯಾ?"

"ನನಗಾ? ನಾನು ಹರೆಯದಲ್ಲಿ ಎಂಥೆಂಥದ್ದು..."

"ಕಥೆ ಆಮೇಲೆ. ಪೈಪು ಹಾಕಿ ತುಳೀರಿ."

ತುಳಿದೆ. ಬಿಚ್ಚಿತು. ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದೊಂದಾಗಿ ಬಿಚ್ಚಿದೆವು. ಬಿಚ್ಚಿದ್ದನ್ನೆಲ್ಲ ಅವಳು ಹೊದಿಕೆಯ ಮೇಲೆ ಸಾಲಾಗಿ, ಬಿಚ್ಚಿದ ಕ್ರಮದಲ್ಲೇ ಇಟ್ಟಳು. ಕತ್ತರಿಯಿಂದ ಸಣ್ಣ ಬಾಯಿಯ ಸೀಲನ್ನು ಕತ್ತರಿಸಿದಳು.

"ಏ! ಸೀಲ್ ಒಡೆಯೋದು ಅಪರಾಧ ಕಣೇ!" ಅಂತ ಇವನು ಹಾರಿಬಿದ್ದ.

"ಭಾವ, ಕಪಾಟಲ್ಲಿ ಒಂದು ಲಕೋಟೆ ಇದೆ, ತನ್ನಿ."

"ಅದು ಸಾಕ್ಷಿ! ಮುಟ್ಬೇಡಿ ಷಡ್ಡಕರೇ!"

ನಾನು ತಂದುಕೊಟ್ಟೆ. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಯಾವ ಲಕೋಟೆಯನ್ನೂ ನಾನು ಯಾರಿಗೂ ಮುಟ್ಟಿಸಿಲ್ಲ. ಅವಳು ಆ ಸೀಲನ್ನೂ ಕತ್ತರಿಸಿದಳು. ಆಮೇಲೆ ಗಂಡನ ಕೈಗೆ ಟಾರ್ಚು ಕೊಟ್ಟಳು.

"ಇಲ್ಲಿ ನಿಲ್ಲಿ. ನಾನು ಕೈಯಿಟ್ಟ ಜಾಗಕ್ಕೆ ಬೆಳಕು ಬಿಡಿ. ಥಿಯೇಟರ್ ಒಳಗೆ ಮಾತಾಡ್ಬಾರದು."

ಅವನು ಬಾಯಿ ತೆರೆದ. ಅವಳು ಕನ್ನಡಕದ ಮೇಲಿಂದ ಒಂದು ಸಲ ನೋಡಿದಳು. ದೊಡ್ಡ ಡಾಕ್ಟರುಗಳು ನಲವತ್ತು ಸಲ ಕಂಡಿದ್ದ ನೋಟ ಅದು, ಇವನಿಗೆ ಹೊಸದು. ಬಾಯಿ ಮುಚ್ಚಿದ.

ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದಳು. ಅದರೊಳಗಿನ ಒಂದೊಂದು ಉಕ್ಕಿನ ಗುಂಡನ್ನೂ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ, "ಮಣ್ಣು ಸೇರಿಲ್ಲ. ಗಾಯ ಇಲ್ಲ" ಅಂದಳು. ಆಮೇಲೆ ಎಣಿಸಿದಳು, ಗಟ್ಟಿಯಾಗಿ.

"ಬೂಟು ಒಂದು. ದೊಡ್ಡ ಪಟ್ಟಿ ಒಂದು. ಸಣ್ಣ ಪಟ್ಟಿ ಒಂದು. ಲಾಕು ಒಂದು. ನಟ್ಟು ಒಂದು. ಬೋಲ್ಟು ಎರಡು. ಭಾವ, ನೀವೂ ಎಣಿಸಿ. ಇಬ್ಬರ ಲೆಕ್ಕ ಸೇರಬೇಕು."

ಸೇರಿತು. ಅಲ್ಲಿಂದ ಮುಂದೆ ಅವಳು ತಲೆ ಎತ್ತಲಿಲ್ಲ. ಅಂಗೈ ಹಿಂದಕ್ಕೆ ಚಾಚಿ "ಸುತ್ತಿಗೆ" ಅನ್ನುವುದು, ನಾನು ಅಂಗೈಗೆ ಸುತ್ತಿಗೆ ಒತ್ತುವುದು. "ಚಿಮಟ." "ಯಾವ ಚಿಮಟ?" "ಇಕ್ಕಳ ಭಾವ, ಇಕ್ಕಳ." ಮೊದಲು ಸಣ್ಣ ಪಟ್ಟಿ ದಂಡಕ್ಕೆ, ಆಮೇಲೆ ಬೂಟು, ಆಮೇಲೆ ಡಬ್ಬಿಯಲ್ಲಿ ಬಂದಿದ್ದ ಹೊಸ ಲಾಕು. ಪೊಟ್ಟಣದ ಮೂಲೆ ಕತ್ತರಿಸಿ ಗ್ರೀಸನ್ನು ಜಾಯಿಂಟಿನ ಸಂದುಸಂದಿಗೂ ಬೆರಳಿಂದ ತುಂಬಿದಳು, ಉಳಿದದ್ದನ್ನು ಬೂಟಿನ ಹೊಟ್ಟೆಗೆ. ತಟ್ಟಿ ಕೂರಿಸಿದಳು, ಎಳೆದು ನೋಡಿದಳು, ಕಚ್ಚಿದೆ. ಬೂಟಿನ ಬಾಯಿ ಎಳೆದು ಜಾಯಿಂಟಿನ ಕಚ್ಚಿನಲ್ಲಿ ಕೂರಿಸಿ, ಒಳಗೆ ಸಿಕ್ಕ ಗಾಳಿಯನ್ನು ಸಣ್ಣ ಕಡ್ಡಿ ತೂರಿಸಿ ಬಿಟ್ಟಳು. ಕೂಸಿಗೆ ತೇಗು ಬರಿಸುವ ಹಾಗೆ ಬೂಟನ್ನು ಮೆಲ್ಲಗೆ ಒತ್ತಿದಳು. ಆ ಬಿಸ್ಕತ್ ಡಬ್ಬಿ ತಗಡಿನ ಪಟ್ಟಿಗಳನ್ನೇ ಇಕ್ಕಳದಿಂದ ಬಿಗಿದಳು.

ಟಾರ್ಚು ಹಿಡಿದವನ ಕೈ ನಡುನಡುವೆ ಇಳಿಯುತ್ತಿತ್ತು. "ಬೆಳಕು" ಅನ್ನುತ್ತಿದ್ದಳು ಅವಳು. ಮತ್ತೆ ಏರುತ್ತಿತ್ತು. ಮದುವೆಯಾದ ಮೇಲೆ ಆ ಗಂಡ ಹೆಂಡತಿಗೆ ಅಷ್ಟು ಉಪಯೋಗಕ್ಕೆ ಬಂದ ದಿನ ಇನ್ನೊಂದಿಲ್ಲ, ಟಾರ್ಚು ಗೋಡೆಗೆ ಕಟ್ಟಿದ್ದರೂ ಅದೇ ಕೆಲಸ ಆಗುತ್ತಿತ್ತು ಅನ್ನುವುದು ಬೇರೆ ಮಾತು.

ಮೂರೂವರೆಗೆ ಚಕ್ರ ನೆಲದ ಮೇಲಿತ್ತು. ನಾನು ಪೈಪಿನ ಮೇಲೆ ಹತ್ತಿ ನಟ್ಟು ಬಿಗಿದೆ. ಹೊದಿಕೆಯ ಮೇಲೆ ಏನೂ ಉಳಿದಿರಲಿಲ್ಲ. ಅವಳು ಕೈ ತೊಳೆದು ಬಂದು, ನನ್ನನ್ನು ಕೂರಿಸಿಕೊಂಡು, ಖಾಲಿ ಮೈದಾನದಲ್ಲಿ ಸಂಜೆಯವರೆಗೆ ಎಂಟು ಹಾಕಿದಳು. ಬಲಕ್ಕೆ ಪೂರ್ತಿ ತಿರುಗಿಸಿದರೂ ಒಂದು ಟಕ್ ಇಲ್ಲ. ವಾಪಸು ಬೀದಿಗೆ ಬಂದಾಗ ಮೂಲೆಮನೆ ಟೈಲರಮ್ಮ ಕೂಡ ಗೇಟಿಗೆ ಬಂದು ನಿಂತು ನೋಡಿದಳು. ಈ ಸಲ ಬೈಯಲಿಲ್ಲ.

ಸೋಮವಾರ ಬೆಳಗ್ಗೆ ಇವನು ಇಸ್ತ್ರಿ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ, ಜೇಬಿನಲ್ಲಿ ಟೇಪು ಉಬ್ಬಿಕೊಂಡು.

"ಇಳೀರಿ" ಅಂದಳು.

"ನಾನು ಬರೀ ನೋಡ್ತೀನಿ ಕಣೇ."

"ಮನೆಯಿಂದ್ಲೇ ನೋಡಿ."

ಇಳಿದ. ನಾನು ಜೊತೆಗೆ ಹೋದೆ. ಮೈದಾನದಲ್ಲಿ ಅದೇ ಬ್ರೇಕ್ ಇನ್ಸ್‌ಪೆಕ್ಟರ್. ಅವಳನ್ನು ಗುರುತು ಹಿಡಿದು, ಮೊದಲು ಸುತ್ತಮುತ್ತ ನೋಡಿದ, ಟೇಪಿನವನು ಬಂದಿದ್ದಾನಾ ಅಂತ. ಇಲ್ಲ ಅಂತ ಖಾತ್ರಿಯಾದ ಮೇಲೆ ಪಕ್ಕದ ಸೀಟಿನಲ್ಲಿ ಕೂತ. ಬಲಕ್ಕೆ ಎಂಟು, ಎಡಕ್ಕೆ ಎಂಟು, ಹಿಂದಕ್ಕೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು. ನಾನು ಹೊರಗೆ ಬೆಂಚಿನ ಮೇಲೆ ಕೂತು ನನ್ನ ಎರಡೂ ಕಾಲಿನಿಂದ ಕಾಣದ ಬ್ರೇಕನ್ನು ಒತ್ತುತ್ತಿದ್ದೆ. ಗಾಡಿ ಒಂದು ಸಲವೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ಇಳಿದು ಬಂದ ಇನ್ಸ್‌ಪೆಕ್ಟರ್ ಅರ್ಜಿಯ ಮೇಲೆ ಸಹಿ ಹಾಕುತ್ತ, "ಯಾರಮ್ಮ ನಿಮಗೆ ಕಲಿಸಿದ್ದು?" ಅಂದ. ನಾನು ಬೆಂಚಿನಿಂದ ಅರ್ಧ ಎದ್ದಿದ್ದೆ. "ಯಾರೂ ಇಲ್ಲ ಸಾರ್, ನಾನೇ" ಅಂದಳು. ಮತ್ತೆ ಕೂತೆ. ಇರಲಿ. ಆವತ್ತು ಅವಳು ಏನಂದರೂ ನಡೆಯುತ್ತಿತ್ತು.

ನಾವು ಮನೆಗೆ ಬರುವಷ್ಟರಲ್ಲಿ ಇವನು ಅರ್ಧ ಬೀದಿಗೆ ಸುದ್ದಿ ಹಬ್ಬಿಸಿದ್ದ. ಗಾಡಿ ರಿಪೇರಿ ಮಾಡಿದ್ದು ಯಾರು ಅಂತ. ಟೈಲರಮ್ಮನ ಗಂಡನಿಗೆ, ಅದೇ ಬನಿಯನ್ನು ಹಾಕಿಕೊಂಡು ನಿಂತಿದ್ದವನಿಗೆ, "ಗ್ಯಾರೇಜಿಗೆ ಕೊಟ್ಟಿದ್ರೆ ಹಾಳು ಮಾಡ್ತಿದ್ದ. ಎರಡು ದಿನ ನಾನೇ ಕೂತು ಮಾಡ್ದೆ. ಇವಳು ಸ್ವಲ್ಪ ಕೈ ಜೋಡಿಸಿದ್ಲು" ಅನ್ನುತ್ತಿದ್ದ. ಬನಿಯನ್ನಿನವನು ತನ್ನ ಎದೆಯ ಮೇಲಿನ ಗ್ರೀಸಿನ ಕಲೆ ನೋಡಿಕೊಂಡು "ಹೌದಾ" ಅಂದ.

ನಾನು ಜಗಳಕ್ಕೆ ನಿಂತೆ. ನಾದಿನಿ ನನ್ನ ತೋಳು ಹಿಡಿದು ಒಳಗೆಳೆದಳು.

"ಬಿಡಿ ಭಾವ. ಹೇಳ್ಕೊಳ್ಳಲಿ."

"ಹೇಗೆ ಬಿಡೋದು? ಬೇಕಂತಲೇ ಟೆಸ್ಟ್ ತಪ್ಪಿಸೋಕೆ ನೋಡಿದ ಅವನು!"

"ಗೊತ್ತು. ತಪ್ಪಿಸೋಕೆ ಆಗಲಿಲ್ಲವಲ್ಲ."

ಒಂದನೇ ತಾರೀಕು ಬೆಳಗ್ಗೆ ಎಂಟಕ್ಕೆ ನಾನು ಅವರ ಮನೆಯ ಗೇಟಿನಲ್ಲಿದ್ದೆ, ಇದನ್ನೆಲ್ಲ ನೋಡದೆ ಇರುವುದಕ್ಕೆ ಆಗುತ್ತದಾ. ಅವಳು ಡ್ರೆಸ್ಸಿಂಗಿನ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿಕೊಂಡಳು. ಇವನು ಬಾಗಿಲಲ್ಲಿ ನಿಂತು ಕೇಳಿದ:

"ಮಧ್ಯಾಹ್ನ ಎಷ್ಟೊತ್ತಿಗೆ ಬರ್ತೀಯ?"

"ಏಳು ಮನೆ ಇದೆ. ಏಳೂ ಮುಗಿದ ಮೇಲೆ."

"ನನ್ನ ಊಟ?"

"ನಿಮ್ಮ ಮನೆ ಎಂಟನೇದು ರೀ."

ಅವನು ಚಪ್ಪಲಿ ಮೆಟ್ಟಿಕೊಂಡು ಓಡಿ ಬೀದಿಗೆ ಬಂದ. ಗಾಡಿ ಹಿಂದಕ್ಕೆ ತೆಗೆಯಲು ಸಹಾಯ ಮಾಡುತ್ತಾನಂತೆ. ನಡುಬೀದಿಯಲ್ಲಿ ನಮಗೆ ಬೆನ್ನು ಮಾಡಿ, ಎರಡೂ ಕೈ ಎತ್ತಿ, ಬರುವ ಸೈಕಲ್ಲುಗಳನ್ನು ತಡೆಯುತ್ತ, "ಬಾ, ಬಾ, ಇನ್ನೂ ಬಾ, ಎಡಕ್ಕೆ ತಿರುಗ್ಸು, ನಿಧಾನ, ನಿಧಾನ" ಅಂತ ಕೂಗತೊಡಗಿ, ಕೂಗುತ್ತಲೇ ಇದ್ದ. ಅವಳು ಹಿಂದಕ್ಕೆ ಬರಲೇ ಇಲ್ಲ. ಗಾಡಿಯ ಮುಂದೆಯೇ ಇದ್ದ, ಪಕ್ಕದ ಬೀದಿಯ ಗೇಟಿನಿಂದ ನೆಟ್ಟಗೆ ಹೊರಟು, ಮೂಲೆಯಲ್ಲಿ ಬಲಕ್ಕೆ ತಿರುಗಿ ಹೋಗಿದ್ದಳು. ಸೈಕಲ್ಲಿನವರು ನಗುತ್ತಿದ್ದರು. ನಾನು ಅವನಿಗೆ ಹೇಳಲು ಹೋಗಲಿಲ್ಲ.